ಹಂತ ಎಂಬ ಮಾತು

1978ರಿಂದ 2013ರವರೆಗೆ ನಾನು ಶಿವಾಜಿನಗರದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಟೆಕ್ನೀಷಿಯನ್ ಆಗಿ ದುಡಿದೆ. ಜನರ ಬಾಯಲ್ಲಿ ಅದು ರಕ್ತ ಪರೀಕ್ಷೆಯ ಲ್ಯಾಬು. ಹಲಸೂರು, ಕಾಕ್ಸ್ ಟೌನ್, ಮಾರುತಿ ಸೇವಾನಗರ, ಲಿಂಗರಾಜಪುರ, ಕಮ್ಮನಹಳ್ಳಿ ಕಡೆಯ ಜನ ನಮ್ಮಲ್ಲಿಗೆ ಬರುತ್ತಿದ್ದರು. ಕನ್ನಡ, ತಮಿಳು, ಉರ್ದು, ತೆಲುಗು ನಾಲ್ಕೂ ನಮ್ಮ ಕಿಟಕಿಯ ಮುಂದೆ ನಡೆಯುತ್ತಿದ್ದವು. ಡಾಕ್ಟರ ಎದುರಿಗೆ ಕೇಳಲು ಅಂಜುವ ಪ್ರಶ್ನೆಯನ್ನು ರೋಗಿಯ ಮನೆಯವರು ಲ್ಯಾಬಿನವನನ್ನು ಕೇಳುತ್ತಾರೆ. ಕ್ಯಾನ್ಸರಿನ ಅನುಮಾನವಿದ್ದ ಮನೆಯವರದಂತೂ ಒಂದೇ ಪ್ರಶ್ನೆ: "ಎಷ್ಟನೇ ಸ್ಟೇಜು ಸಾರ್?"

ಸ್ಟೇಜು ಎಂದರೆ ಹಂತ. ಒಂದನೆಯ ಹಂತವೆಂದರೆ ಬದುಕು, ನಾಲ್ಕನೆಯ ಹಂತವೆಂದರೆ ಸಾವು ಎಂದು ನಮ್ಮ ಜನ ಲೆಕ್ಕ ಹಾಕಿಕೊಂಡಿದ್ದಾರೆ. ದೊಡ್ಡವರ ಅನೇಕ ಕ್ಯಾನ್ಸರುಗಳಲ್ಲಿ ಈ ಲೆಕ್ಕ ತೀರ ಸುಳ್ಳೂ ಅಲ್ಲ. ಆದರೆ ಅದನ್ನು ತಲೆಕೆಳಗು ಮಾಡಿದ ಒಂದು ಕಾಯಿಲೆ ಇದೆ. ಅದು ಹಸುಗೂಸುಗಳಿಗೆ, ಪುಟ್ಟ ಮಕ್ಕಳಿಗೆ ಬರುವ ನರಮಂಡಲದ ಕ್ಯಾನ್ಸರ್. ವೈದ್ಯರು ಅದನ್ನು ನ್ಯೂರೋಬ್ಲಾಸ್ಟೋಮಾ ಎನ್ನುತ್ತಾರೆ. ಅದನ್ನು ಗುರುತಿಸುವುದು, ಅಳೆಯುವುದು, ಕೊನೆಗೆ ಅದಕ್ಕೆ ಔಷಧಿ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದು, ಇಷ್ಟನ್ನು ಕಲಿಯಲು ವೈದ್ಯಶಾಸ್ತ್ರಕ್ಕೆ ನೂರೈವತ್ತು ವರ್ಷ ಬೇಕಾಯಿತು. ಆ ಕಲಿಕೆಯ ಕಥೆಯನ್ನು ಕೆಲವು ತಾಯಿತಂದೆಯರಾದರೂ ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನರಮಂಡಲದ ಕ್ಯಾನ್ಸರ್ ಎಂದೊಡನೆ ಮಿದುಳಿನ ಗಡ್ಡೆ ಎಂದು ಭಾವಿಸಬಾರದು. ಮಗು ಇನ್ನೂ ಗರ್ಭದಲ್ಲಿ ಪುಟ್ಟ ಪಿಂಡವಾಗಿರುವಾಗ ಬೆನ್ನಿನ ಗುಂಟ ಒಂದು ಜಾತಿಯ ಜೀವಕೋಶಗಳು ಹುಟ್ಟುತ್ತವೆ. ಅವು ಅಲ್ಲಿಂದ ಹೊರಟು ಮೈಯೊಳಗೆ ಚದುರಿ, ಕೆಲವು ಬೆನ್ನುಮೂಳೆಯ ಎರಡೂ ಬದಿಯ ನರಗಂಟುಗಳಾಗುತ್ತವೆ. ಇನ್ನು ಕೆಲವು ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಯ ಒಳತಿರುಳಾಗುತ್ತವೆ. ಹೆದರಿದಾಗ ಎದೆ ಹೊಡೆದುಕೊಳ್ಳುವುದು, ಮೈ ಬೆವರುವುದು ಈ ನರಗಳ, ಈ ಗ್ರಂಥಿಯ ಕೆಲಸ. ಹೀಗೆ ಹೊರಟ ಕೋಶಗಳಲ್ಲಿ ಕೆಲವು ಬಲಿಯದೆ, ಎಳೆಯವಾಗಿಯೇ ಉಳಿದು, ಮಿತಿಯಿಲ್ಲದೆ ಬೆಳೆದರೆ ಅದೇ ಈ ಗಡ್ಡೆ. ಆದ್ದರಿಂದ ಅದು ಹೆಚ್ಚಾಗಿ ಹೊಟ್ಟೆಯಲ್ಲಿ ಕಾಣುತ್ತದೆ. ಕೆಲವೊಮ್ಮೆ ಎದೆಯಲ್ಲಿ, ಕತ್ತಿನಲ್ಲಿ, ಕಿಬ್ಬೊಟ್ಟೆಯಲ್ಲಿಯೂ ಕಾಣುವುದುಂಟು. ಬಹುಪಾಲು 5 ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ.

1864ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಕೋ ಒಂದು ಮಗುವಿನ ಹೊಟ್ಟೆಯ ಗಡ್ಡೆಯನ್ನು ವರ್ಣಿಸಿದ. ಇಲ್ಲಿ ಕಂಟೋನ್ಮೆಂಟಿನಲ್ಲಿ ಬೌರಿಂಗ್ ಆಸ್ಪತ್ರೆ ಬಾಗಿಲು ತೆರೆದದ್ದು 1868ರಲ್ಲಿ. ಅಂದರೆ ನಮ್ಮ ಹಿರಿಯರು ಇಂಗ್ಲಿಷ್ ಔಷಧಿಗೆ ಸಾಲು ನಿಲ್ಲುವುದನ್ನು ಕಲಿಯುತ್ತಿದ್ದ ಕಾಲದಲ್ಲಿ ಈ ಕಾಯಿಲೆಗೆ ಸರಿಯಾದ ಹೆಸರೂ ಇರಲಿಲ್ಲ. 1891ರಲ್ಲಿ ಫೆಲಿಕ್ಸ್ ಮರ್ಶಾಂಡ್ ಎಂಬಾತ ಈ ಗಡ್ಡೆಗೂ ಅಡ್ರಿನಲ್ ಗ್ರಂಥಿಗೂ ನರಗಂಟುಗಳಿಗೂ ಇರುವ ನಂಟನ್ನು ತೋರಿಸಿದ. 1910ರಲ್ಲಿ ಅಮೆರಿಕದ ಬೋಸ್ಟನ್ನಿನ ಜೇಮ್ಸ್ ಹೋಮರ್ ರೈಟ್, ಬೇರೆ ಬೇರೆ ಹೆಸರಿನಲ್ಲಿ ಚದುರಿದ್ದ ಗಡ್ಡೆಗಳನ್ನೆಲ್ಲ ಒಂದೆಡೆ ತಂದು ನ್ಯೂರೋಬ್ಲಾಸ್ಟೋಮಾ ಎಂದು ಕರೆದ. ಸೂಕ್ಷ್ಮದರ್ಶಕದ ಕೆಳಗೆ ಇದರ ಕೋಶಗಳು ನಡುವೆ ನಾರಿನಂಥ ವಸ್ತುವನ್ನಿಟ್ಟುಕೊಂಡು ಸುತ್ತಲೂ ಹೂವಿನ ದಳದಂತೆ ಕೂರುತ್ತವೆ. ಆ ಹೂವಿನಾಕಾರಕ್ಕೆ ಇಂದಿಗೂ ಅವನದೇ ಹೆಸರು. ನನ್ನಂಥವನಿಗೆ ರೈಟ್ ಹೊಸಬನಲ್ಲ. ರಕ್ತದ ಲೇಪನಕ್ಕೆ ಬಳಿಯುವ ರೈಟ್ ಬಣ್ಣವೂ ಅವನದೇ. ನಮ್ಮಲ್ಲಿ ಲೀಶ್‌ಮನ್ ಬಣ್ಣದ ಬಳಕೆ ಹೆಚ್ಚಾದರೂ ರೈಟ್ ಬಣ್ಣದ ಸೀಸೆ ಶೆಲ್ಫಿನ ಮೇಲೆ ಸದಾ ಇರುತ್ತಿತ್ತು.

ಈ ಕಾಯಿಲೆಗೆ ಎರಡು ಮುಖ ಎಂಬುದರ ಸುಳಿವು ಬಹಳ ಹಿಂದೆಯೇ ಸಿಕ್ಕಿತ್ತು. 1901ರಲ್ಲಿ ವಿಲಿಯಂ ಪೆಪ್ಪರ್, ಯಕೃತ್ತು ತುಂಬ ಗಡ್ಡೆ ಹರಡಿದ್ದರೂ ಮೂಳೆಗೆ ಹೋಗದಿದ್ದ ಹಸುಗೂಸುಗಳ ಬಗ್ಗೆ ಬರೆದ. 1907ರಲ್ಲಿ ಲಂಡನ್ನಿನ ರಾಬರ್ಟ್ ಹಚಿಸನ್, ತಲೆಬುರುಡೆಗೂ ಕಣ್ಣಿನ ಗೂಡಿಗೂ ಹರಡಿದ್ದ, ತುಸು ದೊಡ್ಡ ಮಕ್ಕಳ ಬಗ್ಗೆ ಬರೆದ. 1927ರಲ್ಲಿ ಕುಶಿಂಗ್ ಮತ್ತು ವೋಲ್ಬಾಕ್ ಎಂಬ ಇಬ್ಬರು ಇನ್ನೂ ವಿಚಿತ್ರವಾದದ್ದನ್ನು ವರದಿ ಮಾಡಿದರು. ಕ್ಯಾನ್ಸರ್ ಎಂದು ಖಚಿತವಾಗಿದ್ದ ಒಂದು ಗಡ್ಡೆ ವರ್ಷಗಳ ನಂತರ ನೋಡಿದರೆ ಬಲಿತು, ನಿರುಪದ್ರವಿ ನರಗಂಟಾಗಿ ಮಾರ್ಪಟ್ಟಿತ್ತು. ತುಂಟ ಹುಡುಗ ಬೆಳೆದು ಸಂಸಾರಸ್ಥನಾದ ಹಾಗೆ! ಆದರೆ ಯಾವ ಮಗುವಿನದು ಬಲಿಯುತ್ತದೆ, ಯಾವುದರದು ಕೊಲ್ಲುತ್ತದೆ ಎಂದು ಮೊದಲೇ ಹೇಳುವ ವಿದ್ಯೆ ಯಾರಿಗೂ ಇರಲಿಲ್ಲ.

ನಾನು ಈ ಕಾಯಿಲೆಯನ್ನು ಮೊದಲು ಕಂಡದ್ದು 1987ರಲ್ಲಿ. ಹಲಸೂರಿನ ಮೂರೂವರೆ ವರ್ಷದ ಹುಡುಗಿ. ಮೊದಲು ಕುಂಟತೊಡಗಿದಳಂತೆ, ಬಿದ್ದಿರಬೇಕು ಎಂದುಕೊಂಡರು. ಆಮೇಲೆ ಜ್ವರ ಬಂತು, ಮೈ ಬಿಳಿಚಿತು, ಕಣ್ಣಿನ ಸುತ್ತ ಕಪ್ಪು ಕಟ್ಟಿತು. ಅಜ್ಜಿ ದೃಷ್ಟಿ ತೆಗೆದರು, ಬೇವಿನ ಸೊಪ್ಪು ಸುಳಿದರು. ಒಂದು ಕ್ಲಿನಿಕ್ಕಿನಲ್ಲಿ ಜಂತುಹುಳುವಿಗೆ ಔಷಧಿ ಕೊಟ್ಟರು, ಇನ್ನೊಂದರಲ್ಲಿ ಕ್ಷಯವೆಂದರು. ಹೀಗೆ ಮೂರು ತಿಂಗಳು ಹೋಯಿತು. ಯಾರನ್ನು ದೂರುವುದು? ಕುಂಟುವ, ಬಿಳಿಚಿದ ನೂರು ಮಕ್ಕಳಲ್ಲಿ ತೊಂಬತ್ತೊಂಬತ್ತಕ್ಕೆ ಬೇರೆಯೇ ಕಾರಣವಿರುತ್ತದೆ. ಕೊನೆಗೆ ಒಬ್ಬ ಮಕ್ಕಳ ಡಾಕ್ಟರು ಹೊಟ್ಟೆ ಒತ್ತಿ ನೋಡಿದಾಗ ಕಲ್ಲಿನಂಥ ಗಡ್ಡೆ ಕೈಗೆ ಸಿಕ್ಕಿತು. ಮೂಳೆಯ ಮಜ್ಜೆಯನ್ನು ತೆಗೆದು ಗಾಜಿನ ಪಟ್ಟಿಯ ಮೇಲೆ ಹರಡಿ ನಮ್ಮ ಲ್ಯಾಬಿಗೆ ಕಳಿಸಿದರು. ಬಣ್ಣ ಹಾಕಿದವನು ನಾನು. ನಮ್ಮ ಪೆಥಾಲಜಿಸ್ಟರು ನನ್ನನ್ನು ಕರೆದು ಕಣ್ಣುಗಾಜಿನಲ್ಲಿ ನೋಡಲು ಹೇಳಿದರು. ಮಜ್ಜೆಯ ಕೋಶಗಳ ನಡುವೆ ಅಲ್ಲಿಗೆ ಸೇರದ ಕೋಶಗಳು ಗುಂಪುಗುಂಪಾಗಿ ಕೂತಿದ್ದವು. ಒಂದೆರಡು ಕಡೆ ಆ ಹೂವಿನಾಕಾರ ಸ್ಪಷ್ಟವಾಗಿತ್ತು.

ಮಜ್ಜೆಯಲ್ಲಿ ಕಂಡ ಮೇಲೂ ಮೂತ್ರದ ಪರೀಕ್ಷೆ ಬೇಕಿತ್ತು. ಈ ಗಡ್ಡೆ ಅಡ್ರಿನಲ್ ಗ್ರಂಥಿಯ ಬಳಗದ್ದಾದ್ದರಿಂದ ಆ ಗ್ರಂಥಿಯ ರಸಗಳನ್ನು ತಾನೂ ತಯಾರಿಸುತ್ತದೆ. ಅವು ಒಡೆದು ವಿಎಂಎ ಎಂಬ ಆಮ್ಲವಾಗಿ ಮೂತ್ರದಲ್ಲಿ ಹೊರಬೀಳುತ್ತವೆ. ಇದು ತಿಳಿದದ್ದು 1957ರ ಸುಮಾರಿಗೆ. ನಮ್ಮ ಕಾಲದಲ್ಲಿ 24 ಗಂಟೆಯ ಮೂತ್ರವನ್ನು ಆಮ್ಲ ಹಾಕಿದ ಕ್ಯಾನಿನಲ್ಲಿ ಹಿಡಿಯಬೇಕಿತ್ತು. ಮೂರು ದಿನ ಮೊದಲಿನಿಂದ ಬಾಳೆಹಣ್ಣು, ಕಾಫಿ, ಚಾಕೊಲೇಟು, ವೆನಿಲ್ಲಾ ಐಸ್‌ಕ್ರೀಂ ಕೂಡದು. ಈಗ ಒಂದು ಸಲದ ಮೂತ್ರ ಸಾಕು, ಪಥ್ಯದ ಕಾಟವೂ ಅಷ್ಟಿಲ್ಲ. ಆ ಹುಡುಗಿಯ ಅಜ್ಜಿ ಕ್ಯಾನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸಿನಲ್ಲಿ ತಂದರು. "ಬಾಳೆಹಣ್ಣು ಕೇಳಿ ಅಳ್ತಾಳಪ್ಪಾ, ನಾಳೆಯಿಂದ ಕೊಡಬಹುದಾ?" ಎಂದು ಕೇಳಿದರು. ಕೊಡಿ ಅಮ್ಮಾ ಎಂದೆ.

ಅದು ನಾಲ್ಕನೆಯ ಹಂತ ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿದರು. ಆಗ ಇದ್ದ ಔಷಧಿಗಳನ್ನೆಲ್ಲ ಕೊಟ್ಟರು. ಅವುಗಳಲ್ಲಿ ಒಂದು ವಿಂಕ್ರಿಸ್ಟಿನ್. ನಾವು ಕಾಶಿಕಣಗಿಲೆ ಎನ್ನುವ, ಹಲಸೂರಿನ ತಮಿಳು ಮನೆಗಳವರು ನಿತ್ಯಕಲ್ಯಾಣಿ ಎನ್ನುವ ಹೂಗಿಡದಿಂದ ಬಂದ ಮದ್ದು ಅದು. ಆ ಅಜ್ಜಿಯ ಬಾಗಿಲಲ್ಲೂ ಆ ಗಿಡವಿತ್ತು. ಗಡ್ಡೆ ಕುಗ್ಗಿತು, ಹುಡುಗಿ ಓಡಾಡಿದಳು, ಮತ್ತೆ ಬೆಳೆಯಿತು. 1988ರಲ್ಲಿ ಅವಳು ತೀರಿಕೊಂಡಳು.

ಹಂತ ಎಂಬ ಮಾತಿನ ಹಿಂದೆ ಯಾರಿದ್ದಾರೆ ಎಂದು ನಾನು ಓದತೊಡಗಿದ್ದು ಆ ಮೇಲೆ. ಆಡ್ರಿ ಇವಾನ್ಸ್ ಎಂಬ ವೈದ್ಯೆ ಇಂಗ್ಲೆಂಡಿನ ಯಾರ್ಕಿನಲ್ಲಿ 1925ರಲ್ಲಿ ಹುಟ್ಟಿದವರು. ಅಮೆರಿಕಕ್ಕೆ ಹೋಗಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಅವರೂ ಡಿ'ಆಂಜಿಯೋ, ರ್‍ಯಾಂಡಾಲ್ಫ್ ಎಂಬ ಇಬ್ಬರು ವೈದ್ಯರೂ ಸೇರಿ 1971ರಲ್ಲಿ ಈ ಕಾಯಿಲೆಗೆ ಹಂತಗಳನ್ನು ಗೊತ್ತುಪಡಿಸಿದರು. ಹುಟ್ಟಿದ ಅಂಗದಲ್ಲೇ ಇದ್ದರೆ ಒಂದು. ಅದನ್ನು ಮೀರಿದ್ದರೂ ಮೈಯ ನಡುಗೆರೆ ದಾಟದಿದ್ದರೆ ಎರಡು. ನಡುಗೆರೆ ದಾಟಿದರೆ ಮೂರು. ಮೂಳೆ ಮೊದಲಾದ ದೂರದ ಅಂಗಗಳಿಗೆ ಹೋದರೆ ನಾಲ್ಕು. ಇಲ್ಲಿಗೆ ನಿಲ್ಲಿಸಿದ್ದರೆ ಅದು ಎಲ್ಲ ಕ್ಯಾನ್ಸರುಗಳಂತೆ ಒಂದು ಪಟ್ಟಿಯಾಗುತ್ತಿತ್ತು. ಅವರು ಇನ್ನೊಂದನ್ನು ಸೇರಿಸಿದರು: 4-ಎಸ್. ಎಸ್ ಎಂದರೆ ವಿಶೇಷ. ಒಂದು ವರ್ಷದೊಳಗಿನ ಕೂಸು, ಮೂಲದ ಗಡ್ಡೆ ಚಿಕ್ಕದು. ಯಕೃತ್ತು, ಚರ್ಮ, ಮಜ್ಜೆಗೆ ಹರಡಿದೆ, ಮೂಳೆಗೆ ಹೋಗಿಲ್ಲ. ನೋಡುವುದಕ್ಕೆ ಎಲ್ಲಕ್ಕಿಂತ ಭೀಕರ, ಆದರೂ ಇವುಗಳಲ್ಲಿ ಹೆಚ್ಚಿನ ಕೂಸುಗಳು ಬದುಕುತ್ತಿದ್ದವು. ಎಷ್ಟೋ ಸಲ ಗಡ್ಡೆ ತಾನಾಗಿಯೇ ಕರಗುತ್ತಿತ್ತು. ಪೆಪ್ಪರ್ 1901ರಲ್ಲಿ ಬರೆದಿದ್ದ ಕೂಸುಗಳ ಚಿತ್ರವೂ ಇಂಥದೇ.

ಆ ಒಂದಕ್ಷರ ಹೇಳಿದ್ದೇನೆಂದರೆ, ಎಷ್ಟು ಹರಡಿದೆ ಎಂದು ಕೇಳಿದರೆ ಸಾಲದು. ಯಾವ ವಯಸ್ಸಿನ ಮಗುವಿನಲ್ಲಿ, ಎಲ್ಲಿಗೆ ಹರಡಿದೆ ಎಂದೂ ಕೇಳಬೇಕು. 1980ರ ದಶಕದಲ್ಲಿ ಮೂರನೆಯ ಪ್ರಶ್ನೆ ಸೇರಿಕೊಂಡಿತು: ಅದು ಯಾವ ಜಾತಿಯ ಗಡ್ಡೆ? 1983ರಲ್ಲಿ ಈ ಗಡ್ಡೆಯ ಕೋಶಗಳಲ್ಲಿ ಎನ್-ಮಿಕ್ ಎಂಬ ಜೀನ್ ಪತ್ತೆಯಾಯಿತು. ಕೆಲವು ಗಡ್ಡೆಗಳಲ್ಲಿ ಅದರ ಪ್ರತಿಗಳು ಹತ್ತು, ಐವತ್ತು, ನೂರಾಗಿ ಹೆಚ್ಚಿಕೊಂಡಿರುತ್ತವೆ. ಅಂಥವು ಉಗ್ರ. 2009ರಲ್ಲಿ ಹಲವು ದೇಶಗಳ ವೈದ್ಯರು ಕೂಡಿ ಹಳೆಯ ಸಂಖ್ಯೆಗಳನ್ನು ಬಿಟ್ಟು ಹೊಸ ಕ್ರಮ ತಂದರು. ಒಂದೆಡೆ ನಿಂತ ಗಡ್ಡೆ, ಸುತ್ತಲಿನ ದೊಡ್ಡ ರಕ್ತನಾಳ ಮುಂತಾದವನ್ನು ಅಪ್ಪಿಕೊಳ್ಳದಿದ್ದರೆ ಎಲ್1, ಅಪ್ಪಿಕೊಂಡಿದ್ದರೆ ಎಲ್2. ದೂರಕ್ಕೆ ಹರಡಿದ್ದರೆ ಎಂ. ಹದಿನೆಂಟು ತಿಂಗಳೊಳಗಿನ ಕೂಸಿನ ಆ ವಿಶೇಷ ಬಗೆ ಎಂಎಸ್. ಇದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ, ಸ್ಕ್ಯಾನುಗಳನ್ನು ನೋಡಿ ಹೇಳುತ್ತಾರೆ. ಜೊತೆಗೆ ಎರಡೂ ಸೊಂಟದ ಮೂಳೆಗಳಿಂದ ಮಜ್ಜೆ ತೆಗೆದು ನೋಡುತ್ತಾರೆ. ಎಂಐಬಿಜಿ ಎಂಬ ವಸ್ತುವಿಗೆ ವಿಕಿರಣಶೀಲ ಅಯೋಡಿನ್ ಕೂಡಿಸಿ ಮಗುವಿಗೆ ಚುಚ್ಚಿದರೆ ಗಡ್ಡೆಯ ಕೋಶಗಳು ಅದನ್ನು ತಮ್ಮ ಆಹಾರವೆಂಬಂತೆ ಹೀರಿಕೊಳ್ಳುತ್ತವೆ. ಆಗ ಮೈಯ ಯಾವ ಮೂಲೆಯಲ್ಲಿ ಅವಿತಿದ್ದರೂ ಚಿತ್ರದಲ್ಲಿ ಕಾಣಿಸಿಕೊಳ್ಳುತ್ತವೆ.

ಈ ಓದಿನ ಉಪಯೋಗ ನನಗೆ 2011ರಲ್ಲಿ ಬಂತು. ಲಿಂಗರಾಜಪುರದ ಆಟೋ ಡ್ರೈವರೊಬ್ಬ, ನಮ್ಮ ಬೀದಿಯ ಕಡೆಯ ಪರಿಚಯದವನು. ಅವನ ನಾಲ್ಕು ತಿಂಗಳ ಮಗನಿಗೆ ಹೊಟ್ಟೆ ಊದಿ, ಚರ್ಮದಲ್ಲಿ ನೀಲಿ ಗುಳ್ಳೆಗಳು ಎದ್ದಿದ್ದವು. ಪರೀಕ್ಷೆಗಳೆಲ್ಲ ಆದವು. ಯಕೃತ್ತಿಗೆ ಹರಡಿದೆ, ಚರ್ಮಕ್ಕೆ ಹರಡಿದೆ, ಮಜ್ಜೆಯಲ್ಲೂ ತುಸು ಇದೆ, ಎನ್-ಮಿಕ್ ಹೆಚ್ಚಿಲ್ಲ. ಡಾಕ್ಟರು ಕಾದು ನೋಡೋಣ ಎಂದಿದ್ದರು. ಮೂತ್ರ ಪರೀಕ್ಷೆಗೆ ಬಂದವನು ಕಿಟಕಿಯ ಹತ್ತಿರ ನಿಂತು ದನಿ ಇಳಿಸಿ ಕೇಳಿದ: "ಮೈಯೆಲ್ಲ ಹರಡಿದೆ ಅಂತಾರೆ ಸಾರ್, ಔಷಧಿ ಬೇಡ ಅಂತಾರೆ. ದುಡ್ಡಿಲ್ಲದವರು ಅಂತ ಹೀಗೆ ಹೇಳ್ತಿದಾರಾ?"

ಎಂಥ ಪ್ರಶ್ನೆ! ಬಡವನ ಮಟ್ಟಿಗೆ 'ಔಷಧಿ ಬೇಡ' ಎಂಬ ಮಾತಿಗೆ ಒಂದೇ ಅರ್ಥ. ನಾನು ಅವನನ್ನು ಕೂರಿಸಿ ಟೀ ತರಿಸಿ, ನನಗೆ ತಿಳಿದಷ್ಟನ್ನು ಹೇಳಿದೆ. ಮುಖ್ಯವಾಗಿ ಹೇಳಿದ್ದು ಜಪಾನಿನ ಕಥೆ.

ಜಪಾನಿನಲ್ಲಿ 1973ರಲ್ಲಿ ಕ್ಯೋಟೋ ನಗರದ ವೈದ್ಯರು ಒಂದು ಒಳ್ಳೆಯ ಉಪಾಯ ಮಾಡಿದರು. ಆರು ತಿಂಗಳ ಕೂಸುಗಳ ಮೂತ್ರವನ್ನು ಪರೀಕ್ಷಿಸಿ, ಕಾಯಿಲೆ ಕಾಣುವ ಮೊದಲೇ ಗಡ್ಡೆಯನ್ನು ಹಿಡಿಯುವುದು. 1985ರಲ್ಲಿ ಸರ್ಕಾರ ಇದನ್ನು ದೇಶಕ್ಕೆಲ್ಲ ವಿಸ್ತರಿಸಿತು. ಗಡ್ಡೆಗಳು ಬೇಕಾದಷ್ಟು ಸಿಕ್ಕವು, ಮಕ್ಕಳಿಗೆ ಆಪರೇಷನ್ ಆಯಿತು, ಔಷಧಿ ಕೊಟ್ಟರು, ಹೆಚ್ಚಿನವರು ಬದುಕಿದರು. ಆದರೆ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1989ರಿಂದ 1994ರವರೆಗೆ ಹುಟ್ಟಿದ ಸುಮಾರು 4 ಲಕ್ಷ 76 ಸಾವಿರ ಮಕ್ಕಳ ಮೇಲೆ, ಜರ್ಮನಿಯಲ್ಲಿ 1995ರಿಂದ 2000ದವರೆಗೆ ಸುಮಾರು 14 ಲಕ್ಷ 75 ಸಾವಿರ ಮಕ್ಕಳ ಮೇಲೆ ಇಂಥದೇ ಪರೀಕ್ಷೆ ನಡೆಸಿ, ಪರೀಕ್ಷೆಯಾಗದ ಮಕ್ಕಳ ಜೊತೆ ಹೋಲಿಸಿ ನೋಡಿದರು. 2002ರಲ್ಲಿ ಎರಡರ ಫಲಿತಾಂಶವೂ ಹೊರಬಂತು. ಪತ್ತೆಯಾದ ಗಡ್ಡೆಗಳ ಸಂಖ್ಯೆ ಹೆಚ್ಚಿತ್ತು, ಸಾವಿನ ಸಂಖ್ಯೆ ಕಡಿಮೆಯಾಗಿರಲಿಲ್ಲ. ಅಂದರೆ ಸಿಕ್ಕಿದ್ದರಲ್ಲಿ ಬಹುಪಾಲು ತಾವಾಗಿಯೇ ಕರಗಬಹುದಾಗಿದ್ದ ಸಾಧು ಗಡ್ಡೆಗಳು. ಕೊಲ್ಲುವ ಜಾತಿಯವು ಪರೀಕ್ಷೆಯ ವಯಸ್ಸು ದಾಟಿದ ಮೇಲೆ ಎದ್ದು ಬರುತ್ತಿದ್ದವು. ಸುಮ್ಮನಿದ್ದರೆ ಆರೋಗ್ಯವಾಗಿರುತ್ತಿದ್ದ ಕೆಲವು ಮಕ್ಕಳು ಚಿಕಿತ್ಸೆಯಿಂದಲೇ ನರಳಿದರು, ಒಂದಿಬ್ಬರು ಸತ್ತದ್ದೂ ಉಂಟು. 2004ರ ಹೊತ್ತಿಗೆ ಜಪಾನ್ ತನ್ನ ಯೋಜನೆಯನ್ನು ನಿಲ್ಲಿಸಿತು. ಇಷ್ಟು ವರ್ಷ ನಡೆಸಿದ ಯೋಜನೆಯನ್ನು ಫಲವಿಲ್ಲವೆಂದು ಕಂಡ ಮೇಲೆ ನಿಲ್ಲಿಸಲು ಎದೆಗಾರಿಕೆ ಬೇಕು.

ಆದ್ದರಿಂದಲೇ ಇಂದು ಕೆಲವು ಕೂಸುಗಳ ವಿಷಯದಲ್ಲಿ ಕಾಯುವುದೇ ಚಿಕಿತ್ಸೆ. ಕಾಯುವುದೆಂದರೆ ಕೈಬಿಡುವುದಲ್ಲ. ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್, ಮೂತ್ರ ಪರೀಕ್ಷೆ ಆಗಬೇಕು. ಯಕೃತ್ತು ಊದಿ ಉಸಿರಿಗೆ ಅಡ್ಡ ಬಂದರೆ ತಕ್ಷಣ ಔಷಧಿ ಶುರುವಾಗಬೇಕು. ಆಟೋದವನು ಒಂದು ತಾರೀಖನ್ನೂ ತಪ್ಪಿಸಲಿಲ್ಲ. ವಿಎಂಎಯ ಅಂಕಿ ಪ್ರತಿ ಸಲವೂ ಇಳಿಯುತ್ತ ಬಂತು. ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಯಕೃತ್ತು ಮಾಮೂಲಾಯಿತು. ಒಂದೂ ಕ್ಯಾನ್ಸರ್ ಚುಚ್ಚುಮದ್ದಿಲ್ಲದೆ ಬೆಳೆದ ಆ ಹುಡುಗನಿಗೆ ಈಗ ಮೀಸೆ ಚಿಗುರುವ ವಯಸ್ಸು.

ಇದನ್ನು ಓದಿ ಯಾರೂ ತಡಮಾಡಿದರೆ ಚಿಂತೆಯಿಲ್ಲ ಎಂದು ತಿಳಿಯಬಾರದು. ಆರೋಗ್ಯವಾಗಿರುವ ಕೂಸುಗಳನ್ನೆಲ್ಲ ಸೋಸಿ ನೋಡುವುದು ಬೇರೆ, ಕಾಯಿಲೆಯ ಮಗುವನ್ನು ತಿಂಗಳುಗಟ್ಟಲೆ ಸುತ್ತಾಡಿಸುವುದು ಬೇರೆ. ಪೆಟ್ಟಾಗದೆ ಕುಂಟುವ ಮಗು, ಕಾರಣವಿಲ್ಲದೆ ಬಿಳಿಚಿ ಜ್ವರ ಬರುವ ಮಗು, ಕಣ್ಣಿನ ಸುತ್ತ ಏಟು ಬಿದ್ದಂತೆ ಕಪ್ಪುಗಟ್ಟಿದ ಮಗು, ಸ್ನಾನ ಮಾಡಿಸುವಾಗ ಹೊಟ್ಟೆಯಲ್ಲಿ ಗಟ್ಟಿ ಉಂಡೆ ಕೈಗೆ ಸಿಕ್ಕುವ ಮಗು, ಇದ್ದಕ್ಕಿದ್ದಂತೆ ಕಾಲಿನ ಶಕ್ತಿ ಕಳೆದುಕೊಂಡ ಅಥವಾ ಕಣ್ಣುಗುಡ್ಡೆಗಳು ಎತ್ತೆತ್ತಲೋ ಕುಣಿಯುವ ಮಗು, ಇವರನ್ನು ಕೂಡಲೇ ಮಕ್ಕಳ ಡಾಕ್ಟರ ಬಳಿ ಕರೆದೊಯ್ಯಬೇಕು. ದೃಷ್ಟಿ ತೆಗೆಯುವವರು ತೆಗೆಯಲಿ. ಆದರೆ ಅದೇ ದಿನ ಹೊಟ್ಟೆಯ ಸ್ಕ್ಯಾನೂ ಆಗಲಿ.

ಉಗ್ರ ಬಗೆಯ ಗಡ್ಡೆಗೆ ಈಗ 1987ಕ್ಕಿಂತ ಎಷ್ಟೋ ಹೆಚ್ಚು ಆಯುಧಗಳಿವೆ. ಮೊದಲು ಹಲವು ಸುತ್ತು ಕೀಮೋ, ಆಮೇಲೆ ಶಸ್ತ್ರಚಿಕಿತ್ಸೆ. ನಂತರ ಮಗುವಿನದೇ ಮೂಲಕೋಶಗಳನ್ನು ಮೊದಲೇ ತೆಗೆದಿಟ್ಟು, ಅತಿ ಹೆಚ್ಚು ಪ್ರಮಾಣದ ಔಷಧಿ ಕೊಟ್ಟು, ಆ ಕೋಶಗಳನ್ನು ಹಿಂದಿರುಗಿಸುವುದು, ಬಳಿಕ ವಿಕಿರಣ. ಕೊನೆಗೆ ಐಸೊಟ್ರೆಟಿನಾಯಿನ್ ಎಂಬ ಗುಳಿಗೆ. ಇದು ಹರೆಯದವರ ಮೊಡವೆಗೆ ಕೊಡುವ ಅದೇ ಮದ್ದು. ಉಳಿದ ಎಳೆಯ ಕೋಶಗಳನ್ನು ಬಲಿಯುವಂತೆ ಒತ್ತಾಯಿಸುತ್ತದೆ. 1927ರಲ್ಲಿ ಕುಶಿಂಗ್ ಮತ್ತು ವೋಲ್ಬಾಕ್ ಕಂಡ ಆ ಬಲಿಯುವಿಕೆಯನ್ನೇ ಮನುಷ್ಯ ಗುಳಿಗೆಯಿಂದ ಮಾಡಿಸುವ ಪ್ರಯತ್ನ ಇದು. ಇದರ ಉಪಯೋಗ 1999ರಲ್ಲಿ ಖಚಿತವಾಯಿತು. ಗಡ್ಡೆಯ ಕೋಶದ ಮೈಮೇಲಿನ ಜಿಡಿ2 ಎಂಬ ಗುರುತನ್ನು ಹುಡುಕಿ ಹಿಡಿಯುವ ಪ್ರತಿಕಾಯದ ಔಷಧಿಗೆ ಅಮೆರಿಕದಲ್ಲಿ 2015ರಲ್ಲಿ ಅನುಮತಿ ಸಿಕ್ಕಿತು. ಇಷ್ಟೆಲ್ಲ ದೊರೆಯುವ ಶ್ರೀಮಂತ ದೇಶಗಳಲ್ಲಿ ಉಗ್ರ ಬಗೆಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಬದುಕುತ್ತಾರೆ. ಸಾಧು ಬಗೆಯವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು. ಬದುಕಿದವರೂ ಬೆಲೆ ತೆರುತ್ತಾರೆ: ಸಿಸ್‌ಪ್ಲಾಟಿನ್ ಎಂಬ ಔಷಧಿ ಕಿವಿಯ ಶಕ್ತಿಯನ್ನು ಕುಗ್ಗಿಸಬಲ್ಲದು. ಮಾತು ಕಲಿಯುವ ವಯಸ್ಸಿನ ಮಗುವಿಗೆ ಶ್ರವಣ ಪರೀಕ್ಷೆಯನ್ನು ಮರೆಯಲೇಬಾರದು.

ನಮ್ಮಲ್ಲಿ ಏನಿದೆ? 1973ರಲ್ಲಿ ಹೊಸೂರು ರಸ್ತೆಯಲ್ಲಿ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆ ಆರಂಭವಾಯಿತು. 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ಅಲ್ಲಿ ನಡೆಯುತ್ತ ಬಂದಿದೆ. ಮುಂಬಯಿ, ಮದರಾಸುಗಳ ಜೊತೆ ದೇಶದ ನೋಂದಣಿ ಕಾರ್ಯಕ್ರಮದ ಮೊದಲ ಮೂರು ನಗರಗಳಲ್ಲಿ ನಮ್ಮದೂ ಒಂದು. ಎಣಿಸದ ಕಾಯಿಲೆಗೆ ಹಾಸಿಗೆಯಾಗಲಿ ಔಷಧಿಯಾಗಲಿ ಮಂಜೂರಾಗುವುದಿಲ್ಲವಾದ್ದರಿಂದ ಇದು ಸಣ್ಣ ಕೆಲಸವಲ್ಲ. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಂದು ಬಡವರ ಹೊರೆ ಎಷ್ಟೋ ಇಳಿದಿದೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ಕ್ಯಾನ್ಸರಿನ ಮೇಲೆ ಜಗತ್ತಿನ ಗಮನ ಸೆಳೆಯಲು ಒಂದು ಕಾರ್ಯಕ್ರಮ ಹಾಕಿಕೊಂಡಿತು. ಅದರ ಮುಖ್ಯಪಟ್ಟಿಯಲ್ಲಿ ಆರು ಕ್ಯಾನ್ಸರುಗಳಿವೆ. ನ್ಯೂರೋಬ್ಲಾಸ್ಟೋಮಾ ಅದರಲ್ಲಿ ಇಲ್ಲ. ಪ್ರತಿಕಾಯದ ಔಷಧಿಯ ಬೆಲೆ ನಮ್ಮ ಹೆಚ್ಚಿನ ಮನೆಗಳಿಗೆ ಕೇಳುವುದಕ್ಕೂ ಆಗದಂಥದ್ದು.

ಔಷಧಿಯ ಬೆಲೆಯಷ್ಟೇ ಕಷ್ಟದ್ದು ಇನ್ನೊಂದಿದೆ. ಉಗ್ರ ಬಗೆಯ ಚಿಕಿತ್ಸೆ ಒಂದು ವರ್ಷವನ್ನೂ ಮೀರಿ ನಡೆಯುತ್ತದೆ. ಅಷ್ಟು ದಿನ ತಂದೆ ಕೂಲಿ ಬಿಟ್ಟು, ಉಳಿದ ಮಕ್ಕಳನ್ನು ಯಾರದೋ ಮನೆಯಲ್ಲಿಟ್ಟು, ಊರಿಂದ ಬೆಂಗಳೂರಿಗೆ ಓಡಾಡಬೇಕು. ಗಡ್ಡೆ ಕುಗ್ಗಿ ಮಗು ಆಡತೊಡಗಿದಾಗ, ವಾಸಿಯಾಯಿತೆಂದು ಚಿಕಿತ್ಸೆಯನ್ನು ನಡುವೆ ಬಿಟ್ಟು ಹೋಗುವವರಿದ್ದಾರೆ. ಆಡ್ರಿ ಇವಾನ್ಸರಿಗೆ ಇದು ಗೊತ್ತಿತ್ತು. ಆಸ್ಪತ್ರೆಯ ಕುರ್ಚಿಗಳ ಮೇಲೆ ಮಲಗುತ್ತಿದ್ದ ತಾಯಿತಂದೆಯರಿಗಾಗಿ 1974ರಲ್ಲಿ ಫಿಲಡೆಲ್ಫಿಯಾದಲ್ಲಿ ಒಂದು ತಂಗುಮನೆ ತೆರೆಯುವುದಕ್ಕೆ ಅವರು ಕಾರಣರಾದರು. ಆ ಮಾದರಿಯ ಮನೆಗಳು ಇಂದು ಎಷ್ಟೋ ದೇಶಗಳಲ್ಲಿವೆ. 2022ರಲ್ಲಿ, 97ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಹಂತಗಳನ್ನು ಬರೆದ ಕೈಯೇ ಧರ್ಮಛತ್ರವನ್ನೂ ಕಟ್ಟಿಸಿತು. ಕಿದ್ವಾಯಿಯ ಆವರಣದಲ್ಲಿ ದಾನಿಗಳ ನೆರವಿನಿಂದ ಎದ್ದ ಧರ್ಮಶಾಲೆಯನ್ನು ನೋಡಿದಾಗಲೆಲ್ಲ, ಇದೂ ಚಿಕಿತ್ಸೆಯ ಭಾಗವೇ ಎಂದು ನನಗೆ ಅನ್ನಿಸುತ್ತದೆ.

ನಾನಿರುವ ಭಾಗಕ್ಕೆ 2008ರಿಂದ ಸರ್ವಜ್ಞನಗರವೆಂಬ ಹೆಸರು, ವಿಧಾನಸಭಾ ಕ್ಷೇತ್ರದ ಲೆಕ್ಕದಲ್ಲಿ. ಎಲ್ಲ ಬಲ್ಲವನ ಹೆಸರಿನ ಊರಿನಲ್ಲಿದ್ದೂ ಈ ಕಾಯಿಲೆಯ ಮುಂದೆ ಎಲ್ಲ ಬಲ್ಲವರು ಯಾರೂ ಇಲ್ಲ. ನಿವೃತ್ತನಾದ ಮೇಲೂ ಪರಿಚಯದವರು ಫೈಲು ಹಿಡಿದುಕೊಂಡು ಮನೆಗೆ ಬರುತ್ತಾರೆ. ಅವರಿಗೆ ನಾನು ಹೇಳುವುದಿಷ್ಟು: ಎಷ್ಟನೇ ಸ್ಟೇಜು ಎಂದಷ್ಟೇ ಕೇಳಿ ಬರಬೇಡಿ. ಮಗುವಿನ ವಯಸ್ಸಿಗೆ ಇದರ ಅರ್ಥವೇನು, ಮೂಳೆಗೆ ಹೋಗಿದೆಯೇ, ಎನ್-ಮಿಕ್ ನೋಡಿದ್ದಾರೆಯೇ, ಕಾಯುವುದಾದರೆ ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಎಂದು ಕೇಳಿ. ಉತ್ತರವನ್ನು ಕನ್ನಡದಲ್ಲೋ ತಮಿಳಿನಲ್ಲೋ ಉರ್ದುವಿನಲ್ಲೋ, ನಿಮಗೆ ತಿಳಿಯುವ ಮಾತಿನಲ್ಲಿ ಹೇಳಿಸಿಕೊಳ್ಳಿ. ಒಂದು ಚೀಟಿಯಲ್ಲಿ ಬರೆದು ಫೈಲಿನ ಮೊದಲ ಹಾಳೆಗೆ ಪಿನ್ನು ಹಾಕಿಡಿ. ಮುಂದಿನ ತಾರೀಖನ್ನು ಅದರ ಕೆಳಗೇ ಬರೆದುಕೊಳ್ಳಿ.